ಗುಡಿಸದ ಮನೆಯ ದೆವ್ವ

ಪಂಜ ಪೇಟೆಯಿಂದ ಒಳಗೆ ಹೋದರೆ ಗೆಳೆಯನೊಬ್ಬನ ಮನೆ. ಮನೆ ಮುಂದೆ ಅಡಿಕೆ ಒಣಹಾಕುವ ಅಂಗಳ. ಮಳೆ ನಿಂತ ಮೇಲಿನ ಒಂದು ಶನಿವಾರ ರಾತ್ರಿ ಎರಡು ಅಡಿಕೆ ಸಲಾಕೆಗೆ ಬಿಳಿ ಪಂಚೆ ಕಟ್ಟಿ, ಎರವಲು ತಂದ ಪ್ರೊಜೆಕ್ಟರಿನಲ್ಲಿ ನಾವು ಸಿನಿಮಾ ಹಾಕಿದೆವು. ನಾವೆಂದರೆ ನಾಲ್ಕೈದು ಜನ. ನಮ್ಮ ಮನೆಗಳಿಗೆ ಡಿಗ್ರಿ ಎಂಬ ಕಾಗದವನ್ನು ಮೊದಲು ತಂದವರು. ಒಬ್ಬನಿಗೆ ಅತಿಥಿ ಉಪನ್ಯಾಸಕನ ಕೆಲಸ, ಒಬ್ಬಳಿಗೆ ಅಂಗನವಾಡಿ, ಉಳಿದವರಿಗೆ ರಬ್ಬರ್ ಟ್ಯಾಪಿಂಗ್ ಮತ್ತು ಕವಿತೆ. ಹಾಕಿದ್ದು 1949ರ 'ಮಹಲ್'. ಕಪ್ಪು ಬಿಳುಪು. ಅಕ್ಕಪಕ್ಕದ ಮಕ್ಕಳು, ಹೆಂಗಸರು ಬಂದು ಕೂತರು. ಬಿರುಗಾಳಿ, ಬಾಗಿಲು ಕಿರ್‌ ಎನ್ನುವುದು, ಧೂಳು ಹಿಡಿದ ದೀಪಗುಚ್ಛ, ಮೂಲೆ ಮೂಲೆಗೆ ಜೇಡರ ಬಲೆ. ದೊಡ್ಡವರು ಉಸಿರು ಬಿಗಿಹಿಡಿದಿದ್ದಾರೆ. ಆಗ ಐದನೇ ಕ್ಲಾಸಿನ ಒಂದು ಹುಡುಗಿ ಜೋರಾಗಿ ಕೇಳಿತು: 'ಅಕ್ಕಾ, ಈ ಮನೆ ಗುಡಿಸುವವರು ಯಾರೂ ಇಲ್ವಾ?'

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಮಾರನೆಯ ದಿನ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಈ ಲೇಖನ ಆ ಹುಡುಗಿಯ ಪ್ರಶ್ನೆಯಿಂದ ಹುಟ್ಟಿದ್ದು, ನಮ್ಮ ತಲೆಯಿಂದಲ್ಲ.

ದೆವ್ವದ ಮನೆಯ ಸಿನಿಮಾಗಳು ಯಾಕೆ ನಮ್ಮನ್ನು ಹೀಗೆ ಎಳೆಯುತ್ತವೆ? ಬುದ್ಧಿವಂತರು ಹೇಳುವ ಉತ್ತರ ಸಿದ್ಧವಾಗಿ ಉಂಟು. ಮನುಷ್ಯನ ಒಳಮನಸ್ಸು, ಸಾವಿನ ಭಯ, ದಮನಿತ ಕಾಮ. ಇರಬಹುದು, ನಾವು ಅಲ್ಲಗಳೆಯುವುದಿಲ್ಲ. ಆದರೆ ಮನೆ ಎಂಬ ಪದ ಬಂದಾಗ 'ಯಾರ ಮನೆ' ಎಂದು ಕೇಳದೆ ಮುಂದೆ ಹೋಗುವುದು ನಮ್ಮಂಥವರಿಗೆ ಸಾಧ್ಯವಿಲ್ಲ. ದೆವ್ವದ ಚಿತ್ರದಲ್ಲಿ ಗುಡಿಸಲು ಬಂದದ್ದನ್ನು ನಾವು ಕಂಡಿಲ್ಲ. ಜನತಾ ಮನೆಯಲ್ಲಿ ದೆವ್ವ ಕಾಣಿಸಿಕೊಂಡ ಸಿನಿಮಾ ಇದ್ದರೆ ಯಾರಾದರೂ ನಮಗೆ ತಿಳಿಸಿ. ದೆವ್ವಕ್ಕೂ ಉಪ್ಪರಿಗೆ ಬೇಕು, ಮೆಟ್ಟಿಲು ಬೇಕು, ಮುಚ್ಚಿದ ಹನ್ನೆರಡು ಕೋಣೆ ಬೇಕು. ಒಂದೇ ಕೋಣೆಯಲ್ಲಿ ಆರು ಜನ ಮಲಗುವಲ್ಲಿ ದೆವ್ವ ನಿಲ್ಲುವುದಾದರೂ ಎಲ್ಲಿ ಮಾರಾಯರೆ?

ಇನ್ನು ಧೂಳು. ಒಂದು ಮನೆ ದೆವ್ವದ ಮನೆ ಎಂದು ಕ್ಯಾಮೆರಾ ನಮಗೆ ಹೇಗೆ ಹೇಳುತ್ತದೆ? ಜೇಡರ ಬಲೆ ತೋರಿಸುತ್ತದೆ. ಒಣಗಿದ ಎಲೆ ಅಂಗಳದಲ್ಲಿ ಹಾರುವುದನ್ನು ತೋರಿಸುತ್ತದೆ. ಪಾಚಿ ಕಟ್ಟಿದ ಬಾವಿ, ಕೀಲಿಗೆ ಎಣ್ಣೆ ಕಾಣದ ಬಾಗಿಲು, ಬತ್ತಿ ಇಲ್ಲದ ದೀಪ. ಇವೆಲ್ಲ ಏನು? ಹಿಡಿಸೂಡಿ ಹಿಡಿದ ಕೈ ಆ ಮನೆಯನ್ನು ಬಿಟ್ಟು ಹೋಗಿದೆ, ನೀರು ಸೇದುವ ಕೈ ಹೋಗಿದೆ, ಎಣ್ಣೆ ಹಾಕುವ ಕೈ ಹೋಗಿದೆ. ಅಷ್ಟೆ. ಆಳು ಬಿಟ್ಟ ಮನೆಯೇ ದೆವ್ವದ ಮನೆ. ಒಡೆಯನ ಮಹಲನ್ನು ಮಹಲಾಗಿ ಇಟ್ಟಿದ್ದು ಒಡೆಯನಲ್ಲ ಎನ್ನುವ ಸತ್ಯವನ್ನು ಯಾವ ಸಾಮಾಜಿಕ ಚಿತ್ರವೂ ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ. ತೋರಿಸಬೇಕೆಂದು ತೋರಿಸಿದ್ದಲ್ಲ, ಹೆದರಿಸಲು ಹೋಗಿ ನಿಜ ಹೇಳಿಬಿಟ್ಟಿವೆ.

ಈ ಚಿತ್ರಗಳು ಬಂದ ಕಾಲವನ್ನೂ ಗಮನಿಸಬೇಕು. 'ಮಹಲ್' 1949. ಉತ್ತರ ಪ್ರದೇಶದ ಜಮೀನ್ದಾರಿ ರದ್ದತಿ ಕಾಯ್ದೆ 1950ರದ್ದು. 'ಮಧುಮತಿ' 1958, 'ಬೀಸ್ ಸಾಲ್ ಬಾದ್' 1962, ತಮಿಳಿನ 'ನೆಂಜಂ ಮರಪ್ಪದಿಲ್ಲೈ' 1963. ಕೇರಳದ ಭೂಸುಧಾರಣೆ ಕಾಯ್ದೆ 1963ರದ್ದು, ಮರುವರ್ಷ 1964ರಲ್ಲಿ 'ಭಾರ್ಗವೀನಿಲಯಂ'. ಕಾಯ್ದೆ ಬಂದದ್ದಕ್ಕೇ ದೆವ್ವ ಬಂತು ಎಂದು ನಾವು ಹೇಳುವುದಿಲ್ಲ, ಅಷ್ಟು ಸುಲಭದ ಲೆಕ್ಕ ಸಾಹಿತ್ಯದಲ್ಲೂ ಇಲ್ಲ ಸಿನಿಮಾದಲ್ಲೂ ಇಲ್ಲ. ಆದರೆ ದೊಡ್ಡ ಮನೆಗಳ ಮಾಡು ಸೋರಲು ಶುರುವಾದ ಆ ಹದಿನೈದು ವರ್ಷಗಳಲ್ಲೇ ದೊಡ್ಡ ಮನೆಗಳಲ್ಲಿ ದೆವ್ವ ತುಂಬಿಕೊಂಡವು ಎನ್ನುವುದು ಕಣ್ಣಿಗೆ ಕಾಣುವ ಸಂಗತಿ.

ಈಗ 'ಮಹಲ್' ಒಳಗೆ ಹೋಗೋಣ. ಬಾಂಬೆ ಟಾಕೀಸಿನ ಚಿತ್ರ, ನಿರ್ದೇಶಕ ಕಮಾಲ್ ಅಮ್ರೋಹಿ, ಕ್ಯಾಮೆರಾ ಜರ್ಮನಿಯಿಂದ ಬಂದಿದ್ದ ಜೋಸೆಫ್ ವಿರ್ಶಿಂಗ್. ಅಲಹಾಬಾದಿನ ಒಂದು ಪಾಳು ಮಹಲಿಗೆ ಹೊಸ ಒಡೆಯ ಬರುತ್ತಾನೆ, ಅಶೋಕ್ ಕುಮಾರ್. ಅವನಿಗೆ ಮನೆಯ ಕಥೆ ಹೇಳುವವನು ಯಾರು? ಮುದಿ ಮಾಲಿ. ಎಲ್ಲರೂ ಬಿಟ್ಟುಹೋದರೂ ಅವನು ಹೋಗಿಲ್ಲ, ಅವನಿಗೆ ಹೋಗಲು ಜಾಗ ಇಲ್ಲ. ಹಿಂದೆ ಇಲ್ಲಿ ಕಾಮಿನಿ ಎಂಬಾಕೆ ಪ್ರಿಯಕರನಿಗಾಗಿ ಕಾದಳು, ಅವನು ನೀರಿನಲ್ಲಿ ಮುಳುಗಿ ಸತ್ತ ಎಂಬ ಕಥೆ. ಗೋಡೆಯ ಮೇಲಿನ ಚಿತ್ರದಲ್ಲಿ ಹೊಸ ಒಡೆಯನದ್ದೇ ಮುಖ. ರಾತ್ರಿ ಹಾಡು ಕೇಳುತ್ತದೆ, ಹೆಣ್ಣು ಕಾಣುತ್ತಾಳೆ, ಮಾಯವಾಗುತ್ತಾಳೆ. ಕಡೆಗೆ ಗೊತ್ತಾಗುವುದೇನು? ಕಾಮಿನಿಯ ದೆವ್ವ ದೆವ್ವವೇ ಅಲ್ಲ. ಅವಳು ಆಶಾ, ಆ ಮಾಲಿಯ ಮಗಳು. ಅಪ್ಪ ಹೇಳುತ್ತಿದ್ದ ಕಥೆಯನ್ನು ಕೇಳಿ ಕೇಳಿ ಆ ಕಥೆಯ ಗಂಡಸನ್ನೇ ಪ್ರೀತಿಸಿದವಳು.

ನಾವು ಎರಡನೇ ಸಲ ನೋಡುವಾಗ ಇಲ್ಲಿ ನಿಲ್ಲಿಸಿದೆವು. ಯೋಚಿಸಿ ನೋಡಿ. ಆ ಮನೆಯ ಹೂವಿಗೆ ನೀರು ಹಾಕುವವನ ಮಗಳು ಆ ಮನೆಯ ಒಡೆಯನ ಕಣ್ಣಿಗೆ ಬೀಳಬೇಕಾದರೆ ಸತ್ತ ಒಡತಿಯ ವೇಷ ಹಾಕಬೇಕು. ಬದುಕಿರುವ ಮಾಲಿಯ ಮಗಳಾಗಿ ಎದುರು ನಿಂತರೆ ಅವನು ನೋಡುವುದಿಲ್ಲ. ಸತ್ತ ಕಾಮಿನಿಯಾಗಿ ಉಯ್ಯಾಲೆಯಲ್ಲಿ ಕೂತರೆ ಹುಚ್ಚನಂತೆ ಹಿಂದೆ ಬರುತ್ತಾನೆ. ಅಷ್ಟೇ ಅಲ್ಲ, 'ದೆವ್ವ' ಅವನಿಗೆ ಹೇಳುತ್ತದೆ, ಮಾಲಿಯ ಮಗಳ ಮೈಯ ಮೂಲಕ ತಾನು ಮತ್ತೆ ಬರಬಲ್ಲೆ ಎಂದು. ಅಂದರೆ ಬಡವನ ಮಗಳು ತನ್ನ ಪ್ರೀತಿಗೆ ತಾನೇ ದೆವ್ವದ ಕೈಯಿಂದ ಶಿಫಾರಸು ಪತ್ರ ಬರೆಸಿಕೊಳ್ಳಬೇಕು! ಈ ದೇಶದ ಜಾತಿಯ ಬಗ್ಗೆ ಸಭೆಗಳಲ್ಲಿ ಎಷ್ಟು ಭಾಷಣ ಮಾಡಿದ್ದೇವೆ ನಾವು. ಇಷ್ಟು ಚಿಕ್ಕದಾಗಿ ಹೇಳಲು ನಮಗೆ ಬಂದಿಲ್ಲ.

ಹಾಡಿನ ಸಂಗತಿ ಇನ್ನೂ ವಿಚಿತ್ರ. ಖೇಮಚಂದ್ ಪ್ರಕಾಶರ ಸಂಗೀತ. ದನಿ ದೂರದಿಂದ ಹತ್ತಿರ ಬಂದಂತೆ ಕೇಳಲಿ ಎಂದು ಹಾಡುವ ಹುಡುಗಿಯನ್ನು ಕೋಣೆಯ ಮೂಲೆಯಿಂದ ಹಾಡುತ್ತಾ ಮೈಕಿನ ಕಡೆ ನಡೆದು ಬರುವಂತೆ ಮಾಡಿದರಂತೆ. ಆ ಹುಡುಗಿ ಲತಾ ಮಂಗೇಶ್ಕರ್, ಇಪ್ಪತ್ತು ವಯಸ್ಸು. ಆದರೆ ಮೊದಲು ಬಂದ ರೆಕಾರ್ಡಿನ ಮೇಲೆ ಲತಾ ಹೆಸರಿರಲಿಲ್ಲ, ಹಾಡಿದವರು 'ಕಾಮಿನಿ' ಎಂದು ಪಾತ್ರದ ಹೆಸರನ್ನೇ ಹಾಕಿದ್ದರು. ರೇಡಿಯೋ ಕೇಳುಗರು ಯಾರು ಹಾಡಿದ್ದು ಎಂದು ಕೇಳಿ ಕೇಳಿ ಹೆಸರು ಹೊರಬಂತು. ಕೆಲಸ ಮಾಡಿದವಳ ಹೆಸರು ಮರೆಯಾಗಿ ಇಲ್ಲದ ಒಡತಿಯ ಹೆಸರು ಉಳಿಯುವುದು ಕಥೆಯ ಒಳಗೂ ನಡೆಯಿತು, ಹೊರಗೂ ನಡೆಯಿತು.

'ಮಧುಮತಿ' ಬೇರೆ ಜಾತಿಯ ಚಿತ್ರ. ನಿರ್ದೇಶನ ಬಿಮಲ್ ರಾಯ್, ಕಥೆ ಋತ್ವಿಕ್ ಘಟಕ್. ಮಳೆಯ ರಾತ್ರಿ ಪಾಳು ಹವೇಲಿಗೆ ಬಂದ ಎಂಜಿನಿಯರಿಗೆ ಹಿಂದಿನ ಜನ್ಮ ನೆನಪಾಗುತ್ತದೆ. ಆ ಜನ್ಮದಲ್ಲಿ ಅವನು ಟಿಂಬರ್ ಎಸ್ಟೇಟಿನ ಮ್ಯಾನೇಜರು. ಪ್ರೀತಿಸಿದ್ದು ಕಾಡಿನ ಹುಡುಗಿ ಮಧುಮತಿಯನ್ನು. ಎಸ್ಟೇಟಿನ ಒಡೆಯ ಉಗ್ರನಾರಾಯಣ, ಪ್ರಾಣ್ ಮಾಡಿದ ಪಾತ್ರ. ಅವನ ಕೈಗೆ ಸಿಕ್ಕದೆ ಹುಡುಗಿ ಉಪ್ಪರಿಗೆಯಿಂದ ಬಿದ್ದು ಸಾಯುತ್ತಾಳೆ. ಅವಳದೇ ಮುಖದ ಇನ್ನೊಬ್ಬಳಿಗೆ ದೆವ್ವದ ವೇಷ ಹಾಕಿಸಿ ಒಡೆಯನ ಬಾಯಿ ಬಿಡಿಸುವ ಉಪಾಯ ಹೂಡುತ್ತಾರೆ. ಅವನು ಪೊಲೀಸರ ಎದುರು ತಪ್ಪು ಒಪ್ಪಿಕೊಳ್ಳುತ್ತಾನೆ. ಆಮೇಲೆ ನೋಡಿದರೆ ವೇಷದವಳು ಬರುವುದು ತಡವಾಗಿದೆ. ಬಂದು ಕೇಳಿದವಳು ನಿಜವಾದ ಮಧುಮತಿ.

ಸುಳ್ಯದ ಕಾಡಂಚಿನಲ್ಲಿ ಬೆಳೆದ ನಮಗೆ ಈ ಕಥೆಯಲ್ಲಿ ಟಿಂಬರ್ ಲಾರಿ, ಎಸ್ಟೇಟು, ಮ್ಯಾನೇಜರು ಯಾವುದೂ ಹೊಸತಲ್ಲ. ಹೊಸತು ಯಾವುದು ಎಂದರೆ ಪೊಲೀಸರು ಕಾಡಿನ ಹೆಣ್ಣಿನ ಮಾತಿಗಾಗಿ ಕಾದು ನಿಂತದ್ದು. ಬದುಕಿದ್ದಾಗ ಅವಳು ಠಾಣೆಯ ಮೆಟ್ಟಿಲು ಹತ್ತಿದ್ದರೆ ಕೇಸು ಬರೆದುಕೊಳ್ಳುತ್ತಿದ್ದರಾ? ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬರಲು 1989 ಆಗಬೇಕಾಯಿತು. ಬಂದ ಮೇಲೂ ಎಫ್‌ಐಆರ್‌ಗಾಗಿ ಠಾಣೆ ಮುಂದೆ ಕೂರುವುದು ತಪ್ಪಿದೆಯಾ ಎಂದು ಓದುಗರು ತಮ್ಮ ತಾಲೂಕಿನ ಲೆಕ್ಕವನ್ನೇ ನೋಡಿಕೊಳ್ಳಲಿ. ಹೀಗಿರುವಾಗ ಸತ್ತ ಮೇಲಾದರೂ ಅವಳ ಮಾತು ದಾಖಲಾಯಿತಲ್ಲ ಎನ್ನುವಾಗ ಅಂಗಳದಲ್ಲಿ ಕೂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ಮೌಢ್ಯ ಎಂದು ನಾವು ಕರೆಯಲಾರೆವು. ನಮ್ಮ ವಿಚಾರವಾದಿ ಗೆಳೆಯರು ಸಿಟ್ಟಾಗಬಹುದು, ಆಗಲಿ.

ಆದರೂ ದೂರು ಇದೆ. ಕಾಡಿನ ಹುಡುಗಿಗೆ ಅಷ್ಟು ಒಡವೆ, ಅಷ್ಟು ಕುಣಿತ ಯಾರು ಕೊಟ್ಟರು? ವೈಜಯಂತಿಮಾಲಾ ದೊಡ್ಡ ನಟಿ, ಒಪ್ಪೋಣ. ಆದರೆ ಅವಳು ಬೆಟ್ಟದಲ್ಲಿ ದುಡಿಯುವುದನ್ನು ಕ್ಯಾಮೆರಾ ನೋಡುವುದಕ್ಕಿಂತ ಹಾಡುವುದನ್ನು ನೋಡಿದ್ದೇ ಹೆಚ್ಚು. ತಮಿಳಿನ ಶ್ರೀಧರರ ಚಿತ್ರದಲ್ಲೂ ಜಮೀನ್ದಾರನೇ ಮಗ ಪ್ರೀತಿಸಿದ ಬಡ ಹುಡುಗಿಯನ್ನು ಕೊಲ್ಲುತ್ತಾನೆ, ಪ್ರೇಮಿಗಳು ಮರುಜನ್ಮಕ್ಕೆ ಕಾಯಬೇಕು. ಈ ಜನ್ಮದಲ್ಲಿ ಆಗದ ಮದುವೆಯನ್ನು ಮುಂದಿನ ಜನ್ಮಕ್ಕೆ ದೂಡುವುದು ನಮ್ಮ ಸಿನಿಮಾದ ಹಳೆಯ ಉಪಾಯ. ಮುಂದಿನ ಜನ್ಮದಲ್ಲಿ ಹುಡುಗಿ ಅನುಕೂಲಸ್ಥರ ಮನೆಯಲ್ಲೇ ಹುಟ್ಟಿಬಿಡುತ್ತಾಳೆ, ಯಾರಿಗೂ ತೊಂದರೆ ಇಲ್ಲ.

ಗಡಿಯಾಚೆಯ 'ಭಾರ್ಗವೀನಿಲಯಂ' ಮಾತ್ರ ನಮಗೆ ಬಹಳ ಹತ್ತಿರ. ಕಾಸರಗೋಡಿಗೆ ಹೆಣ್ಣು ಕೊಟ್ಟ ಮನೆಗಳು ನಮ್ಮ ಕಡೆ ಎಷ್ಟೋ, ಮಲಯಾಳ ನಮಗೆ ಪರದೇಶ ಅಲ್ಲ. ಎ. ವಿನ್ಸೆಂಟ್ ನಿರ್ದೇಶಿಸಿದ ಚಿತ್ರ, ಬರೆದವರು ವೈಕಂ ಮುಹಮ್ಮದ್ ಬಷೀರ್, ತಮ್ಮದೇ 'ನೀಲವೆಳಿಚ್ಚಂ' ಕಥೆಯಿಂದ. ಬಡ ಲೇಖಕನೊಬ್ಬ ಕಡಿಮೆ ಬಾಡಿಗೆಗೆ ಪಾಳುಮನೆ ಹಿಡಿಯುತ್ತಾನೆ. ಬಾವಿಗೆ ಬಿದ್ದು ಸತ್ತ ಭಾರ್ಗವಿಯ ದೆವ್ವ ಉಂಟು ಎಂದು ಊರೆಲ್ಲ ಹೇಳುತ್ತದೆ. ಅವನು ಮಂತ್ರವಾದಿಯನ್ನು ಕರೆಸುವುದಿಲ್ಲ. ಅವಳ ಜೊತೆ ಮಾತಾಡುತ್ತಾನೆ, ಮನೆಯಲ್ಲಿ ಜೊತೆಗಿರುವ ಒಬ್ಬಳನ್ನು ಕೇಳಿಕೊಂಡಂತೆ ಕೇಳಿಕೊಳ್ಳುತ್ತಾನೆ, ಅವಳ ಕಥೆ ಬರೆಯಲು ಕೂರುತ್ತಾನೆ. ಬರೆಯುತ್ತಾ ಹೋದಂತೆ ಆತ್ಮಹತ್ಯೆ ಎಂದದ್ದು ಕೊಲೆ ಎಂದು ಗೊತ್ತಾಗುತ್ತದೆ. ಕೇರಳದಲ್ಲಿ ಇವತ್ತಿಗೂ ಪಾಳುಮನೆಗೆ ಭಾರ್ಗವೀನಿಲಯ ಎಂದೇ ಹೆಸರು. 2023ರಲ್ಲಿ ಆಶಿಕ್ ಅಬು ಅದನ್ನೇ ಬಣ್ಣದಲ್ಲಿ ಮತ್ತೆ ತೆಗೆದರು. ಬಷೀರರು ಮಾಡಿದ ದೊಡ್ಡ ಕೆಲಸ ಯಾವುದೆಂದರೆ ದೆವ್ವವನ್ನು ಓಡಿಸುವುದರ ಬದಲು ವಿಚಾರಿಸಿಕೊಂಡದ್ದು. ಬರಹಗಾರನ ಕೆಲಸ ಏನು ಎಂದು ನಮ್ಮನ್ನು ಕೇಳಿದರೆ ನಾವು ಈ ಚಿತ್ರ ತೋರಿಸುತ್ತೇವೆ.

ಕಪ್ಪು ಬಿಳುಪೇ ಯಾಕೆ, ಬಣ್ಣದ ದೆವ್ವ ಯಾಕೆ ಹಿಡಿಸುವುದಿಲ್ಲ? ಇದನ್ನು ನಮ್ಮ ಮನೆಯ ದೀಪದಿಂದ ಹೇಳಬೇಕು. ನಮ್ಮ ಅಪ್ಪಂದಿರು ಓದಿದ್ದು ಚಿಮಿಣಿ ದೀಪದಲ್ಲಿ, ಕತ್ತಲಲ್ಲಿ ನಡೆದದ್ದು ಸೂಟೆ ಬೀಸಿಕೊಂಡು. ಆಮೇಲೆ ಭಾಗ್ಯಜ್ಯೋತಿಯ ಒಂದು ಬಲ್ಬು. ಒಂದೇ ದೀಪ ಇರುವ ಮನೆಯಲ್ಲಿ ಬಣ್ಣ ಇರುವುದಿಲ್ಲ, ಬೆಳಕಿನ ಸುತ್ತ ಒಂದಿಷ್ಟು ಮುಖ, ಆಚೆ ಗೋಡೆಯ ಮೇಲೆ ದೊಡ್ಡ ನೆರಳು. ಕಪ್ಪು ಬಿಳುಪಿನ ಚಿತ್ರ ಕಾಣುವುದು ಹೀಗೆ. ಅದು ಹಳೆಯ ಕಾಲದ ಕೊರತೆ ಎಂದು ಪೇಟೆಯವರಿಗೆ ಅನ್ನಿಸಬಹುದು, ನಮಗೆ ಅದು ಅಜ್ಜಿ ಮನೆಯ ರಾತ್ರಿ.

ಅದನ್ನು ಅರಿತು ಬಳಸಿದವರೂ ಇದ್ದಾರೆ. ಇಂಗ್ಲೆಂಡಿನ 'ದಿ ಇನ್ನೊಸೆಂಟ್ಸ್' 1961ರ ಚಿತ್ರ. ಪರದೆ ತೀರ ಅಗಲವಾಯಿತು, ಎಲ್ಲ ಕಡೆ ಬೆಳಕಾದರೆ ಹೆದರಿಕೆ ಎಲ್ಲಿ ಎಂದು ಕ್ಯಾಮೆರಾದ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರಿನ ಅಂಚುಗಳಿಗೆ ಬಣ್ಣ ಬಳಿದು ಪಕ್ಕಗಳನ್ನು ಕಪ್ಪು ಮಾಡಿದರು. ನಡುವೆ ಬೆಳಕು, ಅಂಚಿನಲ್ಲಿ ಕತ್ತಲು. ಆ ಅಂಚಿನಿಂದ ಬರುವ ದೆವ್ವಗಳು ಯಾರು ಗೊತ್ತೇ? ಆ ಮನೆಯಲ್ಲಿ ಕೆಲಸಕ್ಕಿದ್ದು ಸತ್ತ ಒಬ್ಬ ಆಳು ಪೀಟರ್ ಕ್ವಿಂಟ್, ಮಕ್ಕಳಿಗೆ ಪಾಠ ಹೇಳುತ್ತಿದ್ದ ಮಿಸ್ ಜೆಸೆಲ್. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ಕಥೆಯಲ್ಲೂ ಹಾಗೇ. ಒಡೆಯ ಲಂಡನ್ನಿನಲ್ಲಿ ಸುಖವಾಗಿದ್ದಾನೆ, ಮಕ್ಕಳ ಗೋಳು ತನ್ನವರೆಗೆ ತರಬೇಡಿ ಎನ್ನುತ್ತಾನೆ, ಅವನು ಯಾರಿಗೂ ದೆವ್ವವಾಗಿ ಕಾಣುವುದಿಲ್ಲ. ಆಳು ಒಡೆಯನ ಕೋಟು ಹಾಕಿದರೆ, ಒಡೆಯನ ಮೆಟ್ಟಿಲಲ್ಲಿ ಗತ್ತಿನಿಂದ ನಡೆದರೆ ಸತ್ತ ಮೇಲೂ ಅದು ಕ್ಷಮೆಯಿಲ್ಲದ ಪಾಪ.

1963ರ 'ದಿ ಹಾಂಟಿಂಗ್' ಇನ್ನೂ ಜಾಣ ಚಿತ್ರ. ರಾಬರ್ಟ್ ವೈಸ್ ದೆವ್ವವನ್ನು ಒಂದು ಸಲವೂ ತೋರಿಸಲಿಲ್ಲ. ಬಾಗಿಲು ಉಸಿರಾಡಿದಂತೆ ಉಬ್ಬುತ್ತದೆ, ಅಷ್ಟೆ. ಮನೆಯ ಹೊರಗಿನ ನೋಟಕ್ಕೆ ಇನ್‌ಫ್ರಾರೆಡ್ ಫಿಲಂ ಬಳಸಿ ಕಲ್ಲಿಗೇ ರೋಗ ಬಂದಂತೆ ಮಾಡಿದರು. ಅಲ್ಲಿ ಒಬ್ಬಳು ಅಡಿಗೆಯ ಹೆಂಗಸು. ಕತ್ತಲಾಗುವ ಮುಂಚೆ ನಾನು ಹೊರಟೆ, ಆಮೇಲೆ ಕೂಗಿದರೂ ಯಾರೂ ಬರುವುದಿಲ್ಲ ಎಂದು ಹೇಳಿ ಹೋಗುತ್ತಾಳೆ. ನಮಗೆ ಇಡೀ ಚಿತ್ರದಲ್ಲಿ ಮೆಚ್ಚುಗೆಯಾದದ್ದು ಅವಳೇ! ಮನೆ ಕೆಟ್ಟದು ಎಂದು ದಿನಗೂಲಿಯವಳಿಗೆ ಮೊದಲಿನಿಂದ ಗೊತ್ತು. ಗೊತ್ತಿಲ್ಲದಿರುವುದು ಸಂಶೋಧನೆ ಮಾಡಲು ಬಂದ ಡಾಕ್ಟರಿಗೆ. ಇನ್ನು ವಿಲಿಯಂ ಕ್ಯಾಸಲ್‌ನ 1959ರ 'ಹೌಸ್ ಆನ್ ಹಾಂಟೆಡ್ ಹಿಲ್'ನಲ್ಲಿ ಶ್ರೀಮಂತನೊಬ್ಬ ಒಂದು ರಾತ್ರಿ ಉಳಿದವರಿಗೆ ತಲಾ ಹತ್ತು ಸಾವಿರ ಡಾಲರ್ ಎನ್ನುತ್ತಾನೆ, ದುಡ್ಡಿನ ಗರಜು ಇರುವವರು ಬರುತ್ತಾರೆ. ಥಿಯೇಟರಿನಲ್ಲಿ ಪ್ರೇಕ್ಷಕರ ತಲೆ ಮೇಲೆ ತಂತಿಯಲ್ಲಿ ಅಸ್ಥಿಪಂಜರ ಓಡಿಸಿದ್ದರಂತೆ. ನಮ್ಮ ಅಂಗಳದಲ್ಲಿ ಅಷ್ಟು ಹೊತ್ತಿಗೆ ಒಂದು ಬಾವಲಿ ಹಾರಿ ಹೋಯಿತು, ಖರ್ಚಿಲ್ಲದೆ ಆಯಿತು.

ಈಗ ನಮ್ಮ ಊರಿನ ಮಾತು. ತುಳುನಾಡಿನಲ್ಲಿ ದೆವ್ವವೂ ಭೂತವೂ ಒಂದಲ್ಲ. ಸತ್ತವರ ಪ್ರೇತ ಕುಲೆ, ಅದಕ್ಕೆ ಆಟಿ ತಿಂಗಳಲ್ಲಿ ಬಡಿಸುತ್ತೇವೆ. ಭೂತ ಬೇರೆ. ಅನ್ಯಾಯವಾಗಿ ಸತ್ತವನು ಮಾಯವಾಗಿ ಭೂತವಾಗುತ್ತಾನೆ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಪಾಡ್ದನದ ಪ್ರಕಾರ ಅದನ್ನು ಕಡೆದ ಕಲ್ಕುಡನ ಕೈ ಕಾಲನ್ನು ಅರಸ ಕಡಿಸಿದ. ಅಣ್ಣ ತಂಗಿ ಕಲ್ಕುಡ ಕಲ್ಲುರ್ಟಿಯರಾಗಿ ಅರಸನ ಊರಿಗೆ ಬೆಂಕಿಯಾದರು. ಕೊರಗ ತನಿಯ ದೇವಸ್ಥಾನಕ್ಕೆ ಹೊರೆ ಹೊತ್ತು ತಂದ, ಒಳಗೆ ಬಿಡಲಿಲ್ಲ, ಹೊರಗಿನ ಮರದ ಹಣ್ಣು ಕೀಳಲು ಹೋಗಿ ಮಾಯವಾದ. ನಮ್ಮ ಪಂಜವೇ ಒಂದು ಪಾಡ್ದನದ ಊರು. ಪಡುಮಲೆಯಿಂದ ಹೊರಬಂದ ಕೋಟಿ ಚೆನ್ನಯರು ಪಂಜದ ಬಲ್ಲಾಳನ ಸೆರೆಯಿಂದ ಪಾರಾಗಿ ಎಣ್ಮೂರಿಗೆ ಹೋದರು, ಅಲ್ಲಿಯ ಯುದ್ಧದಲ್ಲಿ ಸತ್ತರು. 1973ರಲ್ಲಿ ವಿಶುಕುಮಾರ್ ಅವರ ಕಥೆಯನ್ನು ತುಳುವಿನಲ್ಲಿ ಸಿನಿಮಾ ಮಾಡಿದರು. ಬಲ್ಲಾಳರ ಮನೆಯ ಸೆರೆಕೋಣೆಯ ಕತ್ತಲು ನಮ್ಮ ಹಾಡಿನೊಳಗೆ ಸಿನಿಮಾಕ್ಕಿಂತ ಮುಂಚೆಯೇ ಇತ್ತು.

ಸಿನಿಮಾದ ದೆವ್ವ ಬಿಳಿ ಸೀರೆ ಉಟ್ಟು ಒಬ್ಬಳೇ ಅಳುತ್ತದೆ. ನಮ್ಮ ಭೂತ ಅಣಿ ಕಟ್ಟಿ, ಗಗ್ಗರ ಹಾಕಿ ಗುತ್ತಿನ ಅಂಗಳಕ್ಕೇ ಬರುತ್ತದೆ. ಯಜಮಾನನನ್ನು ಹೆಸರು ಹಿಡಿದು ಕರೆಯುತ್ತದೆ, ಲೆಕ್ಕ ಕೇಳುತ್ತದೆ, ಯಜಮಾನ ಕೈಮುಗಿದು ಉತ್ತರ ಕೊಡುತ್ತಾನೆ. ಇಷ್ಟಕ್ಕೆ ನಿಂತರೆ ನಮಗೂ ಹೆಮ್ಮೆಯೇ. ಆದರೆ ಬೆಳಗಾಗುತ್ತದಲ್ಲ. ಭೂತ ಕಟ್ಟಿದ ಪಂಬದ, ಪರವ, ನಲಿಕೆಯವನು ಬಣ್ಣ ತೊಳೆದ ಮೇಲೆ ಅದೇ ಅಂಗಳದ ಅಂಚಿಗೆ ಹೋಗುತ್ತಾನೆ. ಕೊರಗಜ್ಜನಿಗೆ ಹರಕೆ ಹೊರುವ ಊರಿನಲ್ಲೇ ಕೊರಗರಿಂದ ಅಜಲು ಮಾಡಿಸುತ್ತಿದ್ದರು, ಅದನ್ನು ನಿಷೇಧಿಸುವ ಕಾಯ್ದೆಗೆ 2000ನೇ ಇಸವಿ ಬೇಕಾಯಿತು. ರಾತ್ರಿಯ ನ್ಯಾಯ ಹಗಲಿಗೆ ದಾಟುವುದಿಲ್ಲ. ಸಿನಿಮಾದಲ್ಲೂ ಹಾಗೆ, 'ದಿ ಎಂಡ್' ಬಂದ ಮೇಲೆ ಲೈಟು ಹಾಕುತ್ತಾರೆ.

ಕನ್ನಡದಲ್ಲಿ? 'ನಾ ನಿನ್ನ ಬಿಡಲಾರೆ' 1979ರಲ್ಲಿ ಬಂತು, ದೆವ್ವ ಬಿಡಿಸಲು ಕಥೆ ಮಂತ್ರಾಲಯಕ್ಕೆ ಹೋಯಿತು. 2004ರ 'ಆಪ್ತಮಿತ್ರ'ದ ನಾಗವಲ್ಲಿ ಎಲ್ಲರಿಗೂ ಗೊತ್ತು. ಎರಡನ್ನೂ ಬಿಟ್ಟು ನಾವು ಬೇರೊಂದು ಹೆಸರು ಹೇಳುತ್ತೇವೆ. ಕನ್ನಡದ ನಿಜವಾದ ಕಪ್ಪು ಬಿಳುಪಿನ ದೆವ್ವದ ಮನೆ 1970ರ 'ಸಂಸ್ಕಾರ'. ನಗಬೇಡಿ. ಒಂದು ಅಗ್ರಹಾರ, ಒಂದು ಮನೆಯಲ್ಲಿ ನಾರಣಪ್ಪನ ಹೆಣ, ಸುಡುವವರಿಲ್ಲ. ಹೆಣ ಬಿದ್ದಿರುವವರೆಗೆ ಯಾರಿಗೂ ಊಟ ಇಲ್ಲ, ಆಕಾಶದಲ್ಲಿ ಹದ್ದು, ಸಾಯುವ ಇಲಿ. ಪಟ್ಟಾಭಿರಾಮ ರೆಡ್ಡಿಯವರ ಚಿತ್ರಕ್ಕೆ ಕ್ಯಾಮೆರಾ ಹಿಡಿದ ಆಸ್ಟ್ರೇಲಿಯಾದ ಟಾಮ್ ಕೋವನ್‌ಗೆ ಇದು ದೆವ್ವದ ಸಿನಿಮಾ ಅಲ್ಲ ಎಂದು ಯಾರೂ ಹೇಳಿರಲಿಕ್ಕಿಲ್ಲ. ಮನೆಗಳ ಒಳಗಿನ ಕತ್ತಲು ನೋಡಿ. ಶಾಸ್ತ್ರ ತಿಳಿದವರೆಲ್ಲ ಹೆಣಕ್ಕೆ ಹೆದರಿ ಕೂತಿರುವಾಗ ಚಂದ್ರಿಯೊಬ್ಬಳು ಹೋಗಿ ರಾತ್ರೋರಾತ್ರಿ ಅದನ್ನು ಸುಡಿಸುತ್ತಾಳೆ. ಚಂದ್ರಿಯಾದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿಗೆ ಹೋದರು, ಆಸ್ತಮಾ ರೋಗಿ, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಈಗ ಆ ಚಿತ್ರ ನೋಡುವಾಗ ಅವರ ಮುಖ ಬಂದಾಗಲೆಲ್ಲ ನಮಗೆ ಮೈ ಝುಮ್ಮೆನ್ನುತ್ತದೆ.

ಆದರೆ ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಓದಿದವರು ಇನ್ನೊಂದನ್ನು ಬಲ್ಲರು. ಅದೇ ಪ್ಲೇಗು ಹೊಲಗೇರಿಗೂ ಬರುತ್ತದೆ. ಅಲ್ಲಿ ಸತ್ತವರ ಗುಡಿಸಲಿಗೆ ಹೆಣದ ಸಮೇತ ಬೆಂಕಿ ಹಾಕುತ್ತಾರೆ. ಸಂಸ್ಕಾರದ ಪ್ರಶ್ನೆ ಯಾರಿಗೂ ಏಳುವುದಿಲ್ಲ, ಪುಟಗಟ್ಟಲೆ ಚರ್ಚೆ ಇಲ್ಲ. ಒಂದು ಹೆಣಕ್ಕೆ ಇಡೀ ಕಾದಂಬರಿ, ಉಳಿದ ಹೆಣಗಳಿಗೆ ಒಂದೆರಡು ಸಾಲು. ನಮ್ಮವರು ಸತ್ತರೆ ಮನೆಯೇ ಉಳಿಯುವುದಿಲ್ಲ, ದೆವ್ವವಾಗಿ ಬಂದು ಕೂರುವುದಕ್ಕೆ.

ನಮ್ಮಲ್ಲೊಬ್ಬರ ಅಜ್ಜಿ ಆ ಶನಿವಾರ ಸಿನಿಮಾಕ್ಕೆ ಬಂದಿದ್ದರು. ಹಿಂದಿ ಅರ್ಥವಾಗುವುದಿಲ್ಲ, ಪಕ್ಕದಲ್ಲಿ ಕೂತು ತುಳುವಿನಲ್ಲಿ ಹೇಳುತ್ತಾ ಹೋದೆವು. ಅಜ್ಜಿ ಒಂದು ದೊಡ್ಡ ಮನೆಯ ಮೂಲದ ಆಳುಗಳ ಪೈಕಿ. ಮದುವೆಯಾಗಿ ಬಂದಂದಿನಿಂದ ಆ ಮನೆಯ ಅಂಗಳ ಗುಡಿಸಿ, ಸಗಣಿ ಸಾರಿಸಿ, ಹಟ್ಟಿಯ ಗೊಬ್ಬರ ತೆಗೆದವರು. ಚಾವಡಿಯ ಒಳಗೆ ಏನಿದೆ ಎಂದು ನೋಡಿದವರಲ್ಲ. ಗಂಜಿ ಹಾಳೆಯಲ್ಲಿ, ಚಾ ಗೆರಟೆಯಲ್ಲಿ, ನೀರು ಮೇಲಿನಿಂದ ಸುರಿದರೆ ಬೊಗಸೆಯಲ್ಲಿ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಮಾಡಿದವರಿಗೆ ಭೂಮಿ ಬಂತು, ಅಜ್ಜಿಯ ಮನೆಯವರಿಗೆ ಗೇಣಿ ಚೀಟಿಯೇ ಇರಲಿಲ್ಲ. ದೊಡ್ಡ ಮನೆಯವರು ಪಾಲಾಗಿ ಮಂಗಳೂರು, ಬೆಂಗಳೂರು ಸೇರಿದರು. ಆ ಮನೆ ಈಗಲೂ ಉಂಟು, ಮಾಡಿನ ಹಂಚು ಜಾರಿದೆ, ಉಪ್ಪರಿಗೆಯಲ್ಲಿ ಬಾವಲಿ. ಶಾಲೆ ಮಕ್ಕಳು ಅಲ್ಲಿ ಏನೋ ಉಂಟು ಎಂದು ಸಂಜೆ ಆ ದಾರಿಯಲ್ಲಿ ಬರುವುದಿಲ್ಲ.

'ಅಜ್ಜಿ, ಅಲ್ಲಿ ನಿಜಕ್ಕೂ ಎಂತಾದರೂ ಉಂಟಾ?' ಎಂದು ನಾವು ಕೇಳಿದ್ದೆವು ಒಮ್ಮೆ.

'ಜನ ಇರುವಾಗ ಹೆದರಿಕೆ ಇತ್ತು ಮಗಾ,' ಎಂದಿದ್ದರು. 'ಈಗ ಎಂತದು? ಮೊನ್ನೆ ಸೌದೆಗೆ ಹೋದಾಗ ಚಾವಡಿಯಲ್ಲೇ ಕೂತು ಎಲೆ ಹಾಕಿ ಬಂದೆ.'

ಅಂದು 'ಮಹಲ್' ಮುಗಿದು ಪಂಚೆ ಬಿಚ್ಚುತ್ತಿದ್ದೆವು. ಮಾಲಿಯ ಮಗಳು ಸಿಕ್ಕಿಬಿದ್ದದ್ದು, ಕೋರ್ಟು, ಎಲ್ಲ ಅಜ್ಜಿಗೆ ವಿವರಿಸಿ ಆಗಿತ್ತು. ಅಜ್ಜಿ ಎದ್ದು ಸೀರೆ ಕೊಡವಿಕೊಂಡರು. ಟಾರ್ಚು ಹಾಕಿ ನಾಲ್ಕು ಹೆಜ್ಜೆ ಹೋಗಿ ನಿಂತು ಕೇಳಿದರು:

'ಮತ್ತೆ ಆ ಅಪ್ಪ, ತೋಟದವನು. ಅವನನ್ನು ಕೆಲಸದಿಂದ ಬಿಡಿಸಿದರಾ?'

ನಾವು ಮುಖ ಮುಖ ನೋಡಿಕೊಂಡೆವು. ಎರಡು ಸಲ ನೋಡಿದ್ದೇವೆ, ಅದನ್ನು ಗಮನಿಸಿಯೇ ಇರಲಿಲ್ಲ.